ವಾರ್ಡ್ ಪೋಸ್ಟಿಂಗ್‌ನಿಂದ ಇಂಟರ್ನ್‌ಶಿಪ್‌ವರೆಗೆ: ಕಲಬುರಗಿ ಭಾಗದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪರೀಕ್ಷೆಯಲ್ಲಿ ನಿಮಗೆ ಎಷ್ಟು ಗೊತ್ತು ಅಂತ ನೋಡುತ್ತಾರೆ. ವಾರ್ಡ್‌ನಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಈ ಬಿಪಿ ನೀವೇ ನೋಡಿ ಬರೆದದ್ದಾ? ಈ ಟ್ಯೂಬಿನಲ್ಲಿ ಇರುವ ರಕ್ತ ಯಾರದು? ರಾತ್ರಿ 3 ಗಂಟೆಗೆ ಪೇಷಂಟ್‌ಗೆ ಜಾಸ್ತಿ ಆದರೆ ಫೋನ್ ಮಾಡ್ತೀರಾ, ಬೆಳಗಾಗಲಿ ಅಂತ ಕೂರ್ತೀರಾ? ನನ್ನ ಪ್ರಕಾರ ಒಳ್ಳೆಯ ಇಂಟರ್ನ್ ಅಂದರೆ ಇಷ್ಟೇ: ಅವನು ಬರೆದದ್ದನ್ನು, ಅವಳು ಹೇಳಿದ್ದನ್ನು ಮತ್ತೊಬ್ಬರು ತಪಾಸಣೆ ಮಾಡದೆ ನಂಬಬಹುದು. ಉಳಿದದ್ದನ್ನು ಪಿಜಿಗಳು (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಸೀನಿಯರ್ ಡಾಕ್ಟರ್‌ಗಳು), ಪ್ರೊಫೆಸರ್‌ಗಳು ಕಲಿಸುತ್ತಾರೆ.

ನಮ್ಮ ಕಡೆ ಈಗ ಕಾಲೇಜುಗಳಿಗೆ ಕೊರತೆ ಇಲ್ಲ. ಕಲಬುರಗಿಯಲ್ಲಿ 1963ರಿಂದ ಇರುವ ಎಂ.ಆರ್. ಮೆಡಿಕಲ್ ಕಾಲೇಜ್, ಜಿಮ್ಸ್, ಇಎಸ್‌ಐಸಿ, ಕೆಬಿಎನ್ ಇವೆ. ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಕಾಲೇಜು ಯಾವುದಾದರೂ ಬರುವ ಪೇಷಂಟ್‌ಗಳು ಹೆಚ್ಚು ಕಡಿಮೆ ಒಂದೇ ಥರ. ತೊಗರಿ ಹೊಲದಿಂದ, ತಾಂಡಾದಿಂದ, ಶಹಾಬಾದ್ ಕಲ್ಲಿನ ಗಣಿಯಿಂದ, ಪುಣೆಯ ಕಟ್ಟಡದ ಕೆಲಸದಿಂದ ಬಂದವರು. ಆದ್ದರಿಂದ ಈ ಬರಹ ಎಲ್ಲರಿಗೂ.

ಹೆಜ್ಜೆ 1: ಕಾಗದ ಮತ್ತು ಲಸಿಕೆ

ಪೋಸ್ಟಿಂಗ್, ಅಂದರೆ ವಾರ್ಡ್‌ಗೆ ಹೋಗಿ ಕಲಿಯುವ ಸರದಿ, ಶುರುವಾಗುವುದು ಎರಡನೇ ವರ್ಷದಲ್ಲಿ. ಅಷ್ಟರೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರಬೇಕು: ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ. ಚಿಕ್ಕವರಿದ್ದಾಗ ಹಾಕಿಸಿದ್ದಾರೆ ಅಂತ ಸುಮ್ನೆ ಬಿಡಬೇಡಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ಟೈಟರ್ (ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತದ ಟೆಸ್ಟ್) ಮಾಡಿಸಿ. 10 mIU/ml ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಇದೆ. ಆ ರಿಪೋರ್ಟಿನ ಫೋಟೋ ಮೊಬೈಲ್‌ನಲ್ಲಿ ಇರಲಿ, ಸೂಜಿ ಚುಚ್ಚಿದ ದಿನ ಅದನ್ನೇ ಮೊದಲು ಕೇಳುತ್ತಾರೆ.

ಫೈನಲ್ ಇಯರ್ ಪಾಸಾದ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪ್ರಾವಿಷನಲ್ ರಿಜಿಸ್ಟ್ರೇಷನ್ ಬೇಕು. ಅದಿಲ್ಲದೆ ಇಂಟರ್ನ್‌ಶಿಪ್ ಶುರುವಾಗುವುದಿಲ್ಲ. ರಿಸಲ್ಟ್ ಬಂದ ವಾರವೇ ಮಾರ್ಕ್ಸ್ ಕಾರ್ಡ್, ಕಾಲೇಜಿನ ಪತ್ರ, ಫೋಟೋ, ಗುರುತಿನ ಚೀಟಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 2: ಚೀಲದಲ್ಲಿ ಏನಿರಬೇಕು

ಸ್ಟೆತಸ್ಕೋಪ್, ಟಾರ್ಚ್, ಮೊಣಕಾಲು ತಟ್ಟುವ ಹ್ಯಾಮರ್, ಅಳತೆಯ ಟೇಪ್, ಸೆಕೆಂಡ್ ಮುಳ್ಳಿರುವ ವಾಚ್, ಎರಡು ಪೆನ್, ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್. ಸ್ಟೆತ್ ಮೇಲೆ ಹೆಸರು ಬರೆಯಿರಿ, ಇಲ್ಲಾಂದ್ರೆ ಅದು ವಾರದೊಳಗೆ ಇನ್ಯಾರದೋ ಕೊರಳಲ್ಲಿರುತ್ತದೆ. ದುಬಾರಿ ಸ್ಟೆತ್ ಬೇಕೇ ಬೇಕು ಅಂತಿಲ್ಲ. ಇಂಟರ್ನ್‌ಗಳು ಒಂದು ನೀರಿನ ಬಾಟಲಿ, ಶೇಂಗಾ ಉಂಡೆಯೋ ಬಾಳೆಹಣ್ಣೋ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಫ್ಯಾನ್ ನಿಂತ ವಾರ್ಡ್‌ನಲ್ಲಿ ಪೇಷಂಟ್‌ಗಿಂತ ಮೊದಲು ನೀವೇ ಬೀಳ್ತೀರಿ.

ಹೆಜ್ಜೆ 3: ಪೇಷಂಟ್ ಜೊತೆ ಮಾತು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಏಕೆಂದರೆ ನಮ್ಮ ಕಡೆ ಹಿಸ್ಟರಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಮೈಸೂರು, ಮಂಗಳೂರು ಕಡೆಯಿಂದ ಬಂದ ಹುಡುಗರು ಮೊದಲ ವಾರ ಕಕ್ಕಾಬಿಕ್ಕಿಯಾಗುತ್ತಾರೆ. ನಮ್ಮೂರಿನಲ್ಲೇ ಇಂಗ್ಲಿಷ್ ಮೀಡಿಯಂ ಓದಿದವರ ಗತಿಯೂ ಬಹಳ ಬೇರೆಯಲ್ಲ.

"ಹೊಟ್ಟಿ ಕಡಿತದ್ರಿ" ಅಂದರೆ ಹೊಟ್ಟೆ ಹಿಂಡಿದ ಹಾಗೆ ನೋವು, ತುರಿಕೆ ಅಲ್ಲ. "ಬ್ಯಾನಿ" ಅಂದರೆ ನೋವೂ ಹೌದು, ಕಾಯಿಲೆಯೂ ಹೌದು, ಹೆರಿಗೆ ನೋವೂ ಹೌದು. "ತಲಿ ಶೂಲಿ" ತಲೆನೋವು. "ದಮ್ ಹತ್ತತದ" ಅಂದರೆ ಏದುಸಿರು. ಅದು ಅಸ್ತಮಾ ಅಂತ ತಕ್ಷಣ ಬರೆದುಬಿಡಬೇಡಿ, ರಕ್ತ ಕಮ್ಮಿಯಾದವರೂ ಹಾರ್ಟ್ ತೊಂದರೆ ಇದ್ದವರೂ ಇದನ್ನೇ ಹೇಳುತ್ತಾರೆ. "ಚಕ್ಕರ್" ಬಂತು ಅಂದವರನ್ನು ಮುಂದೆ ಕೇಳಿ: ಸುತ್ತಲಿನದು ತಿರುಗಿತಾ, ಕಣ್ಣು ಕತ್ತಲಾಯಿತಾ, ಎಚ್ಚರ ತಪ್ಪಿತಾ? ಮೂರಕ್ಕೂ ದಾರಿ ಬೇರೆ ಬೇರೆ.

ಎಲ್ಲಕ್ಕಿಂತ ಅಪಾಯದ ಮಾತು "ಎಣ್ಣಿ ಕುಡದಾನ್ರಿ". ಹೊಲದವರ ಬಾಯಲ್ಲಿ ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧ. ಪ್ಯಾಟಿ ಹುಡುಗರಿಗೆ ಅದು ಸಾರಾಯಿ. ಆದ್ದರಿಂದ ನೇರವಾಗಿ ಕೇಳಿ: "ಹೊಲಕ್ಕ ಹೊಡಿಯೋದಾ? ಡಬ್ಬಿ ತಂದೀರೇನು?"

ತಾರೀಖು ಕೇಳಿದರೆ ಬಹಳ ಜನ "ಭಾಳ ದಿನ ಆತ್ರಿ" ಅಂದು ಸುಮ್ಮನಾಗುತ್ತಾರೆ. ಹಬ್ಬ ಹಿಡಿದು ಕೇಳಿ ನೋಡಿ. "ಎಳ್ಳಮಾಸಿ ಮುಂಚೆನಾ, ಆಮ್ಯಾಲನಾ? ಶರಣಬಸಪ್ಪನ ಜಾತ್ರಿಗೆ ಆರಾಮ್ ಇದ್ರಾ? ಮೊಹರಂ ಹೊತ್ತಿಗೆ?" ಎರಡೇ ಪ್ರಶ್ನೆಗೆ ತಿಂಗಳು ಸಿಗುತ್ತದೆ.

ಮೂರು ವಿಷಯ ಬಿಡದೆ ಕೇಳಿ. ಒಂದು, ದುಡಿಯೋಕೆ ಎಲ್ಲಿಗೆ ಹೋಗಿದ್ದರು. ಆರು ತಿಂಗಳು ಬಾಂಬೆ, ಪುಣೆ, ಹೈದರಾಬಾದ್‌ನಲ್ಲಿ ಇದ್ದು ಬಂದವರ ಕೆಮ್ಮಿಗೆ ಟಿಬಿ ಮೊದಲು ನೆನಪಾಗಬೇಕು. ಸೇಡಂ, ಚಿತ್ತಾಪುರ ಕಡೆಯವರಾದರೆ ಸಿಮೆಂಟ್, ಕಲ್ಲಿನ ಧೂಳಿನ ಕೆಲಸ ಎಷ್ಟು ವರ್ಷ ಮಾಡಿದರು ಅಂತ ಕೇಳಿ. ಎರಡು, ಊರಲ್ಲಿ ಏನು ಮಾಡಿಸಿದರು: ಸೂಜಿ, ಕಾಮಣಿ ಔಷಧ, ಬರೆ, ಬೇರು. ಮುಖ ಗಂಟು ಹಾಕಿ ಕೇಳಿದರೆ ಯಾರೂ ಹೇಳುವುದಿಲ್ಲ. ಮೂರು, "ಗುಳಿಗಿ ಚೀಲ ತೋರಸ್ರಿ" ಅನ್ನಿ. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಬಿಪಿ ಗುಳಿಗೆ, ಶುಗರ್ ಗುಳಿಗೆ, ಜೊತೆಗೆ ಯಾರೋ ಕೊಟ್ಟ ಸ್ಟೀರಾಯ್ಡ್, ನೋವಿನ ಮಾತ್ರೆ ಎಲ್ಲ ಒಟ್ಟಿಗೆ ಹೊರಬರುತ್ತವೆ. ಅರ್ಧ ಹಿಸ್ಟರಿ ಅಲ್ಲೇ ಇರುತ್ತದೆ.

ಕರೆಯುವ ರೀತಿಯೂ ಮುಖ್ಯ. ವಯಸ್ಸಾದವರಿಗೆ ಮುತ್ಯಾ, ಆಯಿ. ನಡುವಯಸ್ಸಿನವರಿಗೆ ಕಾಕಾ, ಅಕ್ಕಾ, ಯವ್ವಾ. ಮುಸ್ಲಿಂ ಮನೆಯವರಿಗೆ ಚಾಚಾ, ಖಾಲಾ. ಮಾತಿನ ಕೊನೆಗೆ ಒಂದು "ರಿ" ಸೇರಿಸಿ. "ಏ ಅಜ್ಜಿ, ಬಾಯಿ ತೆಗಿ" ಅನ್ನುವ ಡಾಕ್ಟರಿಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ, ಅಲ್ವಾ? ದಖನಿಯಲ್ಲಿ "ಕಬ್ ಸೆ, ಕಿದರ್ ದುಖ್ ರಾ" ಅನ್ನುವಷ್ಟು ಬರಲಿ. ಔರಾದ್, ಭಾಲ್ಕಿ ಕಡೆಯವರಿಗೆ ಸ್ವಲ್ಪ ಮರಾಠಿ, ಗುರುಮಠಕಲ್ ಕಡೆಯವರಿಗೆ ಸ್ವಲ್ಪ ತೆಲುಗು. ತಾಂಡಾದ ಅಜ್ಜಿಯರ ಲಂಬಾಣಿ ತಿಳಿಯದಿದ್ದರೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಮುಟ್ಟು, ಗರ್ಭ, ಮನೆಯ ಹೊಡೆತದ ವಿಷಯ ಇದ್ದರೆ ಮನೆಯವರನ್ನು ಆಚೆ ಕಳಿಸಿ, ಸಿಸ್ಟರ್ ಸಹಾಯದಿಂದ ಕೇಳಿ.

ಹೆಜ್ಜೆ 4: ಪೋಸ್ಟಿಂಗ್‌ನ ಬೆಳಗಿನ ಮೂರು ಗಂಟೆಗಳ ಅವಧಿ

ಹತ್ತು ಕೇಸ್ ಓಡುತ್ತಾ ನೋಡುವುದಕ್ಕಿಂತ ಒಂದೇ ಪೇಷಂಟ್ ಹತ್ತಿರ ಒಂದು ಗಂಟೆ ಕೂರಿ. ಹಿಸ್ಟರಿ ಅವರದೇ ಮಾತಿನಲ್ಲಿ ಬರೆಯಿರಿ. ಪರೀಕ್ಷೆ ಮಾಡಿ. ಆಮೇಲೆ ಕೇಸ್ ಶೀಟ್ ತೆಗೆದು ನೋಡಿ. ಮೊದಲೇ ಶೀಟ್ ಓದಿದವರಿಗೆ ಇಲ್ಲದ ಮರ್ಮರ್ (ಹಾರ್ಟ್‌ನ ಅಸಹಜ ಶಬ್ದ) ಕೂಡ ಕೇಳಿಸುತ್ತದೆ. ಸಂಜೆ ಆ ಒಂದು ಕಾಯಿಲೆ ಓದಿ. ಮರುದಿನ ಅದೇ ಪೇಷಂಟ್ ಹೇಗಿದ್ದಾರೆ ಅಂತ ಹೋಗಿ ನೋಡಿ. ಈ ಕೊನೆಯ ಕೆಲಸವನ್ನು ಬಹಳ ಜನ ಬಿಡುತ್ತಾರೆ, ಆದರೆ ಔಷಧ ಕೆಲಸ ಮಾಡಿತೋ ಇಲ್ಲವೋ ಅಂತ ಗೊತ್ತಾಗುವುದು ಅಲ್ಲಿಯೇ.

ಕೇಸ್ ಹೇಳುವಾಗ ನೋಡದ್ದನ್ನು ನೋಡಿದೆ ಅನ್ನಬೇಡಿ. "ಸ್ಪ್ಲೀನ್ (ಗುಲ್ಮ) ನೋಡಲಿಲ್ಲ ಸರ್" ಅಂದರೆ ಎರಡು ನಿಮಿಷ ಬೈಗುಳ. ನೋಡದೆ "ಸಿಗಲಿಲ್ಲ" ಅಂದು ಸಿಕ್ಕಿಬಿದ್ದರೆ ಆ ಯೂನಿಟ್‌ನಲ್ಲಿ ನಿಮ್ಮ ಮಾತಿಗೆ ಬೆಲೆ ಹೋಯಿತು ಅಂತಲೇ ಲೆಕ್ಕ.

ಹೆಜ್ಜೆ 5: ಇಂಟರ್ನ್‌ಶಿಪ್ ವರ್ಷದ ಲೆಕ್ಕ

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಇಂಟರ್ನ್‌ಶಿಪ್ 12 ತಿಂಗಳು. ಕಮ್ಯುನಿಟಿ ಮೆಡಿಸಿನ್ 12 ವಾರ. ಹೆರಿಗೆ ಮತ್ತು ಸ್ತ್ರೀರೋಗ 7, ಮೆಡಿಸಿನ್ 6, ಸರ್ಜರಿ 6, ಮಕ್ಕಳ ವಿಭಾಗ 3 ವಾರ. ಸೈಕಿಯಾಟ್ರಿ, ಅನಸ್ತೇಷಿಯಾ, ಆರ್ಥೋ, ಇಎನ್‌ಟಿ, ಕಣ್ಣು, ಕ್ಯಾಶುವಾಲ್ಟಿ (ತುರ್ತು ವಿಭಾಗ) ತಲಾ 2 ವಾರ. ಫೊರೆನ್ಸಿಕ್, ಚರ್ಮರೋಗ ತಲಾ 1. ಉಳಿದ 4 ವಾರ ಎಲೆಕ್ಟಿವ್, ಅಂದರೆ ನೀವೇ ಆರಿಸುವ ವಿಭಾಗ. ರಜೆ ಇಡೀ ವರ್ಷಕ್ಕೆ 15 ದಿನ, ಅದಕ್ಕಿಂತ ಜಾಸ್ತಿ ಹಾಕಿದರೆ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ. ಅಕ್ಕನ ಮದುವೆ ಇದ್ದರೆ ಈಗಲೇ ರೋಸ್ಟರ್ ಮಾಡುವವರಿಗೆ ಹೇಳಿಡಿ.

ಎಲೆಕ್ಟಿವ್ ಆರಿಸುವಾಗ "ಕೆಲಸ ಕಮ್ಮಿ, ಓದೋಕೆ ಟೈಮ್ ಸಿಗುತ್ತೆ" ಅನ್ನುವ ಲೆಕ್ಕ ಎಲ್ಲರೂ ಹಾಕುತ್ತಾರೆ. ನೀಟ್ ಪಿಜಿ (ಪಿಜಿ ಸೀಟಿನ ಪ್ರವೇಶ ಪರೀಕ್ಷೆ) ಇದೆ, ತಪ್ಪೇನಿಲ್ಲ. ಆದರೆ ಕ್ಯಾಶುವಾಲ್ಟಿಯ 2 ವಾರವನ್ನು ಮಾತ್ರ ಓದಿಗೆ ಅಂತ ಬೇರೆಯವರಿಗೆ ದಾಟಿಸಬೇಡಿ. ಮುಂದೆ ತಾಲೂಕಿನಲ್ಲಿ ಒಬ್ಬರೇ ಡ್ಯೂಟಿ ಮಾಡುವಾಗ ಆ ಎರಡು ವಾರವೇ ಕೈ ಹಿಡಿಯುವುದು.

ಹೆಜ್ಜೆ 6: ಹೊಸ ವಾರ್ಡ್‌ನ ಮೊದಲ ಅರ್ಧ ಗಂಟೆ

ಇನ್‌ಚಾರ್ಜ್ ಸಿಸ್ಟರ್‌ಗೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ಎಮರ್ಜೆನ್ಸಿ ಟ್ರಾಲಿ, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಸಕ್ಷನ್ (ಬಾಯಿ, ಗಂಟಲಿನ ದ್ರವ ಎಳೆಯುವ ಯಂತ್ರ), ಅಡ್ರಿನಲಿನ್ ಎಲ್ಲಿವೆ ಅಂತ ಕಣ್ಣಾರೆ ನೋಡಿ. ಆಕ್ಸಿಜನ್ ಸಿಲಿಂಡರ್ ತೆರೆಯುವ ಕೀ ಎಲ್ಲಿ ತೂಗು ಹಾಕಿದ್ದಾರೆ ಅಂತ ಕೇಳಿ. ಲ್ಯಾಬ್, ಬ್ಲಡ್ ಬ್ಯಾಂಕ್, ಡ್ಯೂಟಿ ಪಿಜಿ ನಂಬರ್ ಬರೆದುಕೊಳ್ಳಿ. ಸೀರಿಯಸ್ ಪೇಷಂಟ್‌ನ ಸಿಟಿ ಸ್ಕ್ಯಾನ್‌ಗೆ ತಳ್ಳಿಕೊಂಡು ಹೋಗುವ ಮುಂಚೆ ಸಿಲಿಂಡರ್ ಗೇಜ್ ನೋಡಿ, ಲಿಫ್ಟ್ ನಡೀತಿದೆಯಾ ಕೇಳಿ. ಟ್ರಾಲಿ ತಳ್ಳುವುದು ಡಾಕ್ಟರ್ ಕೆಲಸವಾ ಅನ್ನುವ ಸಿಟ್ಟು ನ್ಯಾಯವೇ. ಆದರೂ ದಾರಿಯಲ್ಲಿ ಆಕ್ಸಿಜನ್ ಮುಗಿದರೆ ಪಕ್ಕದಲ್ಲಿ ಇರುವವರು ನೀವು.

ಹೆಜ್ಜೆ 7: ರಕ್ತ ತೆಗೆಯುವುದು

ಸುಲಭದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ವಾರ್ಡ್‌ಗಳಲ್ಲಿ ಒಂದೇ ದಿನ ಇಬ್ಬರು ಮಲ್ಲಮ್ಮ, ಇಬ್ಬರು ಶರಣಪ್ಪ ಇರುವುದು ಮಾಮೂಲು. "ನೀವು ಮಲ್ಲಮ್ಮ ಏನ್ರಿ?" ಅಂತ ಕೇಳಬೇಡಿ. ಕಿವಿ ಮಂದ ಆದವರು, ಹೆದರಿದವರು ಏನು ಕೇಳಿದರೂ "ಹೂಂರಿ" ಅಂತಾರೆ. "ನಿಮ್ಮ ಹೆಸರೇನ್ರಿ? ಯಜಮಾನರ ಹೆಸರು? ಯಾವ ಊರು?" ಅಂತ ಅವರ ಬಾಯಿಂದಲೇ ಹೇಳಿಸಿ. ಕೇಸ್ ಶೀಟಿನ ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡುವ ನಂಬರ್) ಜೊತೆ ತಾಳೆ ಹಾಕಿ.

ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆಯಬೇಡಿ. ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ) ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿಡಬೇಡಿ. ಟ್ಯೂಬ್ ತುಂಬುವ ಕ್ರಮ, ಮುಚ್ಚಳದ ಬಣ್ಣದಂತೆ: ಮೊದಲು ನೀಲಿ, ಆಮೇಲೆ ಕೆಂಪು, ಆಮೇಲೆ ನೇರಳೆ, ಕೊನೆಗೆ ಬೂದು. ನೀಲಿ ಟ್ಯೂಬ್ ಗೆರೆಯವರೆಗೆ ತುಂಬಲೇಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ ಟೆಸ್ಟ್ ತಪ್ಪು ಬರುತ್ತದೆ. ನೇರಳೆ ಟ್ಯೂಬಿನ ರಕ್ತ ಕೆಂಪಿಗೆ ಸುರಿದರೆ ಪೊಟ್ಯಾಶಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಶಿಯಂ ಸುಳ್ಳೇ ಇಳಿಯುತ್ತದೆ, ರಾತ್ರಿಯಿಡೀ ಎಲ್ಲರೂ ಓಡಾಡಬೇಕಾಗುತ್ತದೆ. ಅಲುಗಾಡಿಸಬೇಡಿ, ಮೆಲ್ಲಗೆ ಮಗುಚಿ.

ಲೇಬಲ್ ಬರೆಯುವುದು ಹಾಸಿಗೆ ಪಕ್ಕದಲ್ಲಿ, ರಕ್ತ ತೆಗೆದ ಮೇಲೆ, ಅಲ್ಲಿಂದ ಕಾಲು ಕೀಳುವ ಮುಂಚೆ. ಆರು ಜನರ ರಕ್ತ ತೆಗೆದು ಜೇಬಿಗೆ ಹಾಕಿಕೊಂಡು ಟೇಬಲ್ ಹತ್ತಿರ ಬಂದು ಬರೆಯುವ ಅಭ್ಯಾಸ ಯಾರಾದರೂ ಕಲಿಸಿದರೆ ಕಲಿಯಬೇಡಿ. ಕ್ರಾಸ್ ಮ್ಯಾಚ್ (ಏರಿಸುವ ರಕ್ತ ಹೊಂದುತ್ತದಾ ಅಂತ ನೋಡುವ ಟೆಸ್ಟ್) ಸ್ಯಾಂಪಲ್‌ನಲ್ಲಿ ಹೆಸರು ಅದಲುಬದಲಾದರೆ ಜೀವವೇ ಹೋಗಬಹುದು. ರಕ್ತ ಏರಿಸುವಾಗಲೂ ಬ್ಯಾಗ್ ನಂಬರ್, ಗುಂಪು, ಹೆಸರು ಇಬ್ಬರು ಸೇರಿ ಓದಿ ನೋಡಿ, ಮೊದಲ 15 ನಿಮಿಷ ಪೇಷಂಟ್ ಬಿಟ್ಟು ಕದಲಬೇಡಿ.

ಹೆಜ್ಜೆ 8: ಸೀನಿಯರ್‌ಗೆ ಫೋನ್

ಬೈತಾರೆ ಅಂತ ಹೆದರಿ ತಡ ಮಾಡುವುದೇ ದೊಡ್ಡ ತೊಂದರೆ. ಫೋನ್ ಮಾಡುವ ಮುಂಚೆ ಪೇಷಂಟ್ ಹತ್ತಿರ ಹೋಗಿ, ಪಲ್ಸ್, ಬಿಪಿ, ಉಸಿರು, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ), ಶುಗರ್, ಎಚ್ಚರ ನೋಡಿ, ಶೀಟ್ ಕೈಯಲ್ಲಿ ಹಿಡಿಯಿರಿ. ಆಮೇಲೆ ಹೀಗೆ ಹೇಳಿ:

"ಮೇಡಂ, ಫೀಮೇಲ್ ಮೆಡಿಕಲ್ ವಾರ್ಡ್ ಇಂಟರ್ನ್. ಬೆಡ್ 14, ಸಿದ್ದಮ್ಮ, 55 ವರ್ಷ, ಶುಗರ್ ಇದೆ, ನ್ಯುಮೋನಿಯಾ ಅಂತ ನಿನ್ನೆ ಅಡ್ಮಿಟ್. ಈಗ ಉಸಿರು 34, ಸ್ಯಾಚುರೇಷನ್ 86, ಪಲ್ಸ್ 124, ಬಿಪಿ 90/60. ಶುಗರ್ 210. ಮಂಕಾಗಿದ್ದಾರೆ. ಆಕ್ಸಿಜನ್ ಹಾಕಿದ್ದೇನೆ, ಡ್ರಿಪ್ ಲೈನ್ ಇದೆ. ನೀವು ಈಗಲೇ ಬಂದು ನೋಡಬೇಕು."

ಅರ್ಧ ನಿಮಿಷ ಸಾಕು. "ಮೇಡಂ, ಪೇಷಂಟ್ ಯಾಕೋ ಸರಿ ಇಲ್ಲ" ಅಂದರೆ ಆ ಕಡೆಯಿಂದ ಹತ್ತು ಪ್ರಶ್ನೆ ಬರುತ್ತವೆ. ಹೇಳಿದ ಆರ್ಡರ್ ಅನ್ನು ತಿರುಗಿ ಓದಿ ಹೇಳಿ, ಟೈಮ್ ಹಾಕಿ ಬರೆಯಿರಿ. ಫೋನ್ ಎತ್ತದಿದ್ದರೆ ಅವರ ಮೇಲಿನವರಿಗೆ ಮಾಡಿ. ಡ್ಯೂಟಿ ಬದಲಾಗುವಾಗಲೂ ಇದೇ ರೀತಿ, ಸೀರಿಯಸ್ ಇದ್ದವರ ಹಾಸಿಗೆ ಹತ್ತಿರವೇ ನಿಂತು ಹೇಳಿ ಹೋಗಿ.

ಹೆಜ್ಜೆ 9: ಕ್ಯಾಶುವಾಲ್ಟಿ

ಮಳೆಗಾಲ ಮುಗಿಯುವ ಹೊತ್ತಿಗೆ ತೊಗರಿ, ಹತ್ತಿಗೆ ಔಷಧ ಹೊಡೆಯುವ ಕಾಲ. ವಿಷದ ಕೇಸ್ ಬಂದರೆ ಮೊದಲು ಗ್ಲೌಸ್ ಹಾಕಿ. ಉಸಿರಿನ ದಾರಿ ನೋಡಿ, ಸಕ್ಷನ್ ಮಾಡಿ. ಬಟ್ಟೆ ತೆಗೆಸಿ ಮೈ ಸೋಪಿನಲ್ಲಿ ತೊಳೆಸಿ, ಕೂದಲೂ ಸೇರಿ. ಆರ್ಗನೋಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ಆದರೆ ಸೂಜಿಮೊನೆಯಂಥ ಪಾಪೆ, ಜೊಲ್ಲು, ಬೆವರು, ಎದೆಯಲ್ಲಿ ಗುಳುಗುಳು ಶಬ್ದ ಇರುತ್ತದೆ. ಅದಕ್ಕೆ ಕೊಡುವ ಔಷಧ ಅಟ್ರೋಪಿನ್ ಸಾಕಾಯಿತಾ ಅಂತ ತಿಳಿಯಲು ಪಾಪೆ ಒಂದನ್ನೇ ನೋಡುತ್ತಾ ಕೂರಬೇಡಿ, ಎದೆಗೆ ಸ್ಟೆತ್ ಇಟ್ಟು ಕೇಳಿ. ಆ ಶಬ್ದ ಹೋಗಬೇಕು, ಪಲ್ಸ್ ಮತ್ತು ಬಿಪಿ ಸರಿಯಾಗಬೇಕು. ಕೀಟಕ್ಕೆ ಹೊಡೆಯುವುದಾ, ಕಳೆಗೆ ಹೊಡೆಯುವುದಾ ಅಂತಲೂ ಕೇಳಲೇಬೇಕು. ಕಳೆಯ ಔಷಧ ಪ್ಯಾರಾಕ್ವಾಟ್ ಆಗಿದ್ದರೆ ಸುಮ್ನೆ ಆಕ್ಸಿಜನ್ ಕೊಡುವುದು ಶ್ವಾಸಕೋಶಕ್ಕೆ ಇನ್ನಷ್ಟು ಹಾನಿ. ಸ್ಯಾಚುರೇಷನ್ ನಿಜಕ್ಕೂ ಬಿದ್ದಿದ್ದರೆ ಮಾತ್ರ, ಸೀನಿಯರ್ ಹೇಳಿದಷ್ಟು.

ಹಾವು ಕಡಿದವರ ಕೈಕಾಲಿನ ಉಂಗುರ, ಬಳೆ, ಕಾಲುಂಗುರ ತೆಗೆಸಿ. ಊರಲ್ಲಿ ಬಿಗಿದು ಕಟ್ಟಿದ ಹಗ್ಗವನ್ನು ಒಮ್ಮೆಗೇ ಬಿಚ್ಚಬೇಡಿ. ಲೈನ್ ಹಾಕಿ, ಸೀನಿಯರ್ ಬರಲಿ. ರಕ್ತ ಹೆಪ್ಪುಗಟ್ಟುತ್ತದಾ ಅಂತ ನೋಡುವ 20 ನಿಮಿಷದ ಟೆಸ್ಟ್ ನೀವೇ ಮಾಡುತ್ತೀರಿ: ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ, 20 ನಿಮಿಷ ಅಲ್ಲಾಡಿಸದೆ ಬಿಡುವುದು, ಆಮೇಲೆ ಒಂದು ಸಲ ವಾಲಿಸಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಅಂತ. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ಮೊದಲ ಸಲ ಸರಿಯಾಗಿದ್ದರೂ ಮತ್ತೆ ಮಾಡಬೇಕು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು ಅಂತ ಬಂದು ರೆಪ್ಪೆ ಜೋತುಬಿದ್ದಿದ್ದರೆ ಗಾಯದ ಗುರುತು ಇಲ್ಲದಿದ್ದರೂ ಕಟ್ಟುಹಾವು (ಕ್ರೇಟ್) ನೆನಪಾಗಲಿ. ವಿಷನಿರೋಧಕ ಔಷಧ ಹಾಕುವ ಮುಂಚೆ, ಅಲರ್ಜಿ ಆದರೆ ಕೊಡಲು, ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಇಟ್ಟಿರಬೇಕು.

ವಿಷ, ಸುಟ್ಟಗಾಯ, ಹೊಡೆದಾಟ, ಆಕ್ಸಿಡೆಂಟ್ ಎಲ್ಲ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಕೇಸ್). ಚಿಕಿತ್ಸೆ ಮೊದಲು, ಕಾಗದ ಆಮೇಲೆ. ಕರೆತಂದವರ ಹೆಸರು, ಬಂದ ಸಮಯ, ಎರಡು ಗುರುತಿನ ಮಚ್ಚೆ ಬರೆಯಿರಿ. ಏನಾಯಿತು ಅಂತ ಅವರು ಹೇಳಿದ ಹಾಗೆ ಬರೆಯಿರಿ, ನಿಮ್ಮ ಊಹೆ ಸೇರಿಸಬೇಡಿ. "ಪೊಲೀಸ್ ಕೇಸ್ ಬ್ಯಾಡ್ರಿ ಸಾಹೇಬ್ರ, ಜಾರಿ ಬಿದ್ದಾಳಂತ ಬರೀರಿ" ಅಂತ ಕೈ ಮುಗಿಯುವವರು ಸಿಗುತ್ತಾರೆ. ಆ ಮಾತನ್ನು ಡ್ಯೂಟಿ ಮೆಡಿಕಲ್ ಆಫೀಸರ್ ಹತ್ತಿರ ಕಳಿಸಿ. ಸಹಿ ಅವರದ್ದೇ, ತೀರ್ಮಾನವೂ ಅವರದ್ದೇ.

ಪೇಷಂಟ್ ಸುತ್ತ ಇಪ್ಪತ್ತು ಜನ ನಿಂತಿದ್ದರೆ ಅವರಲ್ಲಿ ಒಬ್ಬ ಹಿರಿಯರನ್ನು ಗುರುತಿಸಿ, ಅವರೊಬ್ಬರ ಜೊತೆ ಮಾತಾಡಿ, ಅರ್ಧ ಗಂಟೆಗೊಮ್ಮೆ ಏನು ನಡೀತಿದೆ ಅಂತ ಹೇಳುತ್ತಿರಿ. ಗಲಾಟೆ ಹುಟ್ಟುವುದು ಹೆಚ್ಚಾಗಿ ಯಾರೂ ಏನೂ ಹೇಳದಿದ್ದಾಗ. ಸಾವಿನ ಸುದ್ದಿ ಹೇಳುವುದು ನಿಮ್ಮ ಕೆಲಸವಲ್ಲ, ಸೀನಿಯರ್ ಪಕ್ಕದಲ್ಲಿ ನಿಂತು ಕಲಿಯಿರಿ.

ಹೆಜ್ಜೆ 10: ಲೇಬರ್ ರೂಮ್

ತಾಯಿ ಕಾರ್ಡ್ ಮೊದಲು ಓದಿ: ಹಿಮೋಗ್ಲೋಬಿನ್, ರಕ್ತದ ಗುಂಪು, ಹಿಂದಿನ ಸಿಸೇರಿಯನ್. ಮಗು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಕೂಸು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ರಕ್ತ ಕಮ್ಮಿ ಇರುವ ಹೆಂಗಸರೇ ಜಾಸ್ತಿ ಬರುವ ನಮ್ಮ ಕಡೆ ಈ ಒಂದು ನಿಮಿಷ ತಪ್ಪಬಾರದು. ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್ ನಡೆಯುತ್ತಿದ್ದರೆ ಪ್ರತಿ ಡೋಸ್‌ಗೆ ಮುಂಚೆ ಮೂರು ನೋಡಿ: ಮೊಣಕಾಲಿನ ಜರ್ಕ್ (ತಟ್ಟಿದಾಗ ಕಾಲು ಎಗರುವುದು) ಇದೆಯಾ, ಉಸಿರು ನಿಮಿಷಕ್ಕೆ 16ಕ್ಕಿಂತ ಕಮ್ಮಿ ಇಲ್ಲವಾ, ಮೂತ್ರ ಗಂಟೆಗೆ 30 ಮಿಲಿ ಆದರೂ ಬಂದಿದೆಯಾ. ಮೆಗ್ನೀಷಿಯಂ ಜಾಸ್ತಿಯಾದರೆ ಕೊಡುವ ಕ್ಯಾಲ್ಶಿಯಂ ಗ್ಲುಕೋನೇಟ್ ಕೈಗೆ ಸಿಗುವ ಹಾಗಿರಲಿ. ಸ್ಕ್ಯಾನಿಂಗ್ ಹತ್ತಿರ "ಗಂಡೋ ಹೆಣ್ಣೋ" ಅಂತ ಕೇಳಿದರೆ ಸನ್ನೆಯಲ್ಲೂ ಉತ್ತರ ಕೊಡಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಇಂಟರ್ನ್‌ಗೂ ಅನ್ವಯಿಸುತ್ತದೆ.

ಹೆಜ್ಜೆ 11: ಸೂಜಿ ಚುಚ್ಚಿದರೆ

ಹಿಂಡಬೇಡಿ, ಬಾಯಿಗೆ ಇಡಬೇಡಿ. ನಲ್ಲಿ ನೀರು, ಸೋಪಿನಲ್ಲಿ ತೊಳೆಯಿರಿ. ಕೆಲಸ ಬೇರೆಯವರಿಗೆ ಕೊಟ್ಟು ತಕ್ಷಣ ಡ್ಯೂಟಿ ಡಾಕ್ಟರ್‌ಗೆ ಹೇಳಿ. ಎಚ್‌ಐವಿ ತಡೆ ಔಷಧದ ಮೊದಲ ಡೋಸ್ 2 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಒಮ್ಮೆ ಶುರು ಮಾಡಿದರೆ 28 ದಿನ. ನಾಚಿಕೊಂಡು ಮುಚ್ಚಿಡುವವರು ಈಗಲೂ ಇದ್ದಾರೆ. ಇನ್ನು ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ, ಗಾಜಿನ ಬಾಟಲಿ ನೀಲಿಗೆ, ಗ್ಲೌಸ್ ಮತ್ತು ಡ್ರಿಪ್ ಸೆಟ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ. ತಪ್ಪು ಚೀಲಕ್ಕೆ ಹಾಕಿದ ಸೂಜಿ ಚುಚ್ಚುವುದು ಕಸ ಎತ್ತುವ ಅಕ್ಕನಿಗೆ.

ಹೆಜ್ಜೆ 12: ಹಳ್ಳಿಯ 12 ವಾರ

ಆಳಂದ, ಚಿಂಚೋಳಿ, ಹುಮನಾಬಾದ್, ಶಹಾಪುರ, ಎಲ್ಲಿಗೆ ಹಾಕಿದರೂ ಇದನ್ನು ರಜೆ ಅಂದುಕೊಳ್ಳಬೇಡಿ. ಒಂದು ದಿನ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ಸುತ್ತಿ. ಡಿಸ್ಚಾರ್ಜ್ ಚೀಟಿಯಲ್ಲಿ ನೀವು ಬರೆದ "ದಿನಕ್ಕೆ ಮೂರು ಸಲ ಊಟದ ನಂತರ" ಅನ್ನುವುದು ಬೆಳಗ್ಗೆ 5ಕ್ಕೆ ಕೂಲಿಗೆ ಹೋಗುವ ಮನೆಯಲ್ಲಿ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ಟಿಬಿ ಪೇಷಂಟ್‌ಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಇದೆ, ಬ್ಯಾಂಕ್ ಖಾತೆ ಜೋಡಣೆಯಾಗಿದೆಯಾ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ರೆಫರಲ್ ಚೀಟಿ ಹೇಗೆ ಬರೆಯುತ್ತಾರೆ ಅಂತ ಇಲ್ಲೇ ಕಲಿಯಿರಿ. ಕಾರಣ, ಕೊಟ್ಟ ಔಷಧ, ಕೊಟ್ಟ ಸಮಯ ಇಲ್ಲದ ಚೀಟಿ ಹಿಡಿದು 108ರಲ್ಲಿ ಬಂದವರನ್ನು ಕಲಬುರಗಿಯ ಕ್ಯಾಶುವಾಲ್ಟಿಯಲ್ಲಿ ನೀವೇ ನೋಡಿರುತ್ತೀರಿ.

ಕೊನೆಯದಾಗಿ ಲಾಗ್‌ಬುಕ್

ಪ್ರತಿ ವಿಭಾಗ ಬಿಡುವ ಕೊನೆಯ ದಿನವೇ ಸಹಿ ಹಾಕಿಸಿ. ಮಾಡಿದ ಪ್ರೊಸೀಜರ್ ಅಂದಂದೇ ಬರೆಯಿರಿ. ನೋಡಿದ್ದಕ್ಕೆ ನೋಡಿದೆ ಅಂತ, ಮಾಡಿದ್ದಕ್ಕೆ ಮಾಡಿದೆ ಅಂತ. ಹನ್ನೊಂದನೇ ತಿಂಗಳಲ್ಲಿ ಎಲ್ಲ ಸಹಿ ಒಟ್ಟಿಗೆ ಹಾಕಿಸುತ್ತೇನೆ ಅಂತ ಕುಳಿತರೆ ಪಿಜಿ ಕೋರ್ಸ್ ಮುಗಿಸಿ ಊರಿಗೆ ಹೋಗಿರುತ್ತಾರೆ, ಪ್ರೊಫೆಸರ್‌ಗೆ ವರ್ಗಾವಣೆ ಆಗಿರುತ್ತದೆ. ಒಂದು ಸಹಿಗೆ ಬೀದರ್‌ನಿಂದ ಬೆಂಗಳೂರಿಗೆ ಬಸ್ ಹತ್ತುವ ಪಾಡು ಯಾರಿಗೆ ಬೇಕು.